ಹಸಿರು ಗೆರೆಯ ಮನೆ

ಆಟಿಕೆ ಕಾರ್ಖಾನೆಯ ನಕ್ಷೆಗಾರ ನಮ್ಮ ಮನೆಗೆ ಬಂದಾಗ ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಜನ ತಂದ ಸಮಸ್ಯೆಗಳ ಗಂಟುಗಳನ್ನು ಅತ್ತಿಗೆ ಬಿಡಿಸುತ್ತಿದ್ದರು. ನಾನು ಜೊತೆಗೆ ಹೋಗುತ್ತಿದ್ದೆ.

"ಕಳ್ಳ ಅನ್ನಿಸ್ಕೊಂಡಿದೀನಮ್ಮ," ಎಂದ ಆತ, ಕುರ್ಚಿ ತೋರಿಸಿದರೂ ಕೂರದೆ. "ಮಗಳು ಏನೂ ಕೇಳಲ್ಲ, ಸುಮ್ನೆ ಮುಖ ನೋಡ್ತಾಳೆ. ಅದನ್ನೇ ತಡ್ಕೊಳ್ಳೋಕೆ ಆಗ್ತಿಲ್ಲ."

ನಡೆದದ್ದು ಇಷ್ಟು. ಅವರ ಕಚೇರಿಯಲ್ಲಿ ನಾಲ್ಕೇ ಜನ: ಯಜಮಾನಿ, ನಕ್ಷೆಗಾರ, ಉಗ್ರಾಣ ನೋಡಿಕೊಳ್ಳುವ ಹೆಂಗಸು, ಮಾರಾಟದವರು. ಇತ್ತೀಚೆಗೆ ಒಬ್ಬರಿಗೊಬ್ಬರು ಮಾತೇ ಇರಲಿಲ್ಲ. ಅದು ಸರಿಹೋಗಲೆಂದು ಯಜಮಾನಿ ಒಂದು ಆಟ ಆಡಿಸಿದ್ದರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಬಣ್ಣದ ಪೆನ್ನು, ಒಂದೊಂದು ಹಾಳೆ. ಸ್ವಲ್ಪ ಬಿಡಿಸಿ ಪಕ್ಕದವರಿಗೆ ದಾಟಿಸಬೇಕು, ಅವರು ಅದಕ್ಕೆ ಏನಾದರೂ ಸೇರಿಸಬೇಕು. ಹಾಳೆಗಳು ಹಲವು ಸುತ್ತು ತಿರುಗಿ ನಾಲ್ಕು ಚಿತ್ರಗಳಾದವು, ಗೋಡೆಗೇರಿದವು. ಮರುದಿನ ಒಂದು ಕಾಣೆ.

ಕಾಗದ ತಂದಿದ್ದು ನಕ್ಷೆಗಾರ, ಒಂದು ಬದಿ ಮುದ್ರಿಸಿದ್ದ ರದ್ದಿ ಹಾಳೆಗಳು. ಇನ್ನೂ ಮಾರುಕಟ್ಟೆಗೆ ಬಾರದ ಹೊಸ ಆಟಿಕೆಯ ನಕ್ಷೆಯೂ ಅವುಗಳಲ್ಲಿ ಸೇರಿಹೋಗಿ, ಕಾಣೆಯಾದ ಹಾಳೆಯ ಬೆನ್ನಿಗೇ ಇತ್ತೆಂದು ಆಮೇಲೆ ಗೊತ್ತಾಯಿತು. ಉಳಿದ ಮೂರರ ಬೆನ್ನಿಗೆ ಹಳೆಯ ನಕ್ಷೆಗಳಿದ್ದವು. ಎದುರಾಳಿ ಕಾರ್ಖಾನೆಗೆ ಮಾರಲೆಂದೇ ನಕ್ಷೆಗಾರ ಹೀಗೆ ಮಾಡಿದ್ದಾನೆ ಎಂದು ಯಜಮಾನಿ ತೀರ್ಮಾನಿಸಿಬಿಟ್ಟಿದ್ದರು.

ನಾವು ಹೋದಾಗ ಕಚೇರಿಯಲ್ಲಿ ಉಸಿರಾಡಿದರೂ ಕೇಳಿಸುವಂತಿತ್ತು. ನಾಲ್ಕು ಮೇಜು, ನಾಲ್ಕು ಬೆನ್ನು. ಮಾರಾಟದವರೊಬ್ಬರೇ ನಮ್ಮನ್ನು ನಗುತ್ತ ಮಾತಾಡಿಸಿದರು. ಹೆಂಡತಿ ಹೇಳಿದ ಮಾತು, ಮಕ್ಕಳ ತಂಟೆ, ಒಂದೇ ಸಮನೆ ಹೇಳುತ್ತಲೇ ಇದ್ದರು.

ಅತ್ತಿಗೆ ಗೋಡೆಯ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. ಯಜಮಾನಿಯ ಕೆಂಪು ಗೆರೆಯಿಂದ ಶುರುವಾದ ಸಮುದ್ರ, ಉಗ್ರಾಣದವರು ಕಪ್ಪಿನಲ್ಲಿ ತೆಗೆದ ತೋಟ, ನಕ್ಷೆಗಾರನ ನೀಲಿ ರೈಲು. ಪ್ರತಿ ಹಾಳೆಯ ಮೂಲೆಗಳಲ್ಲಿ ಒಂದೊಂದೇ ಪಿನ್ನಿನ ತೂತು. ಹಸಿರು ಪೆನ್ನು ಯಾರದೆಂದು ಕೇಳಿದರು. ಮಾರಾಟದವರದು. ಸಮುದ್ರದಲ್ಲಿ ಹಸಿರಿನದೊಂದು ಖಾಲಿ ದೋಣಿ, ತೋಟದಲ್ಲಿ ಖಾಲಿ ಬೆಂಚು, ರೈಲಿನ ಪಕ್ಕ ಯಾರೂ ಇಲ್ಲದ ನಿಲ್ದಾಣ.

ಕಾಣೆಯಾದ ಚಿತ್ರ ಯಾವುದೆಂದು ವಿಚಾರಿಸಿದಾಗ, ಮನೆಯದು ಎಂದರು ಉಗ್ರಾಣದವರು. ಕಿಟಕಿಗೆ ದೀಪ ಇಟ್ಟಿದ್ದು ತಾವಂತೆ. ಬಾಗಿಲಲ್ಲಿ ಹೆಂಗಸನ್ನು ನಿಲ್ಲಿಸಿದ್ದು ಯಜಮಾನಿ. ಅಂಗಳದಲ್ಲಿ ಮಕ್ಕಳನ್ನು ಬರೆದದ್ದು ನಕ್ಷೆಗಾರನೇ. ಮೊದಲು ಶುರುಮಾಡಿದ್ದು ಯಾರೆಂದು ಮೂವರಿಗೂ ನೆನಪಿರಲಿಲ್ಲ. ಸಂಜೆ ಬೀಗ ಹಾಕುವವರು ಯಾರೆಂದು ಅತ್ತಿಗೆ ಕೇಳಿದರು. ಮಾರಾಟದವರೇ, ದಿನಾ ಎಲ್ಲರೂ ಹೋದ ಮೇಲೂ ಕೂತಿರ್ತಾರೆ ಎಂದರು ಉಗ್ರಾಣದವರು.

ಮರುದಿನ ಅತ್ತಿಗೆ ಎಲ್ಲರನ್ನೂ ಆ ಆಟ ಆಡಿದ್ದ ಉದ್ದ ಮೇಜಿನ ಸುತ್ತ ಕೂರಿಸಿದರು.

"ನೀವೆಲ್ಲ ಆ ಹಾಳೆಯ ಬೆನ್ನು ನೋಡಿದ್ರಿ. ಮುಖ ಯಾರೂ ನೋಡ್ಲಿಲ್ಲ," ಎಂದು ಆರಂಭಿಸಿದರು ಅತ್ತಿಗೆ. ನಕ್ಷೆ ಹುಡುಕಲು ಬಂದವನಾದರೆ ನಾಲ್ಕೂ ಹಾಳೆ ಕಿತ್ತು ತಿರುವಿ ನೋಡಬೇಕಿತ್ತು. ಉಳಿದ ಮೂರನ್ನು ಯಾರೂ ಮುಟ್ಟಿರಲಿಲ್ಲ, ಕಿತ್ತು ಮತ್ತೆ ಚುಚ್ಚಿದ್ದರೆ ಇನ್ನೊಂದು ತೂತು ಬಿದ್ದಿರುತ್ತಿತ್ತು. ಹಾಳೆ ತಂದವನೇ ಆದ ನಕ್ಷೆಗಾರನಿಗೆ ಹುಡುಕುವ ಅಗತ್ಯವಿರಲಿಲ್ಲ ನಿಜ. ಆದರೆ ಅದನ್ನು ಬರೆದವನೇ ಅವನು. ಮಾರುವ ಮನಸ್ಸಿದ್ದರೆ ಮತ್ತೊಂದು ಬರೆದುಕೊಂಡರಾಯಿತು. ಹಾಗಾಗಿ ಒಯ್ದವರಿಗೆ ಬೇಕಾಗಿದ್ದು ಆ ಮನೆಯ ಚಿತ್ರ. ಕೆಂಪು, ಕಪ್ಪು, ನೀಲಿ ಒಂದೊಂದು ಚಿತ್ರ ಶುರುಮಾಡಿದ್ದವು. ಉಳಿದದ್ದು ಹಸಿರು.

ಮಾರಾಟದವರು ಮೇಜನ್ನೇ ನೋಡುತ್ತಿದ್ದರು.

ಎಲ್ಲರ ಚಿತ್ರದಲ್ಲೂ ಜಾಗ ಖಾಲಿ ಬಿಟ್ಟವರು ತಮ್ಮ ಹಾಳೆಯಲ್ಲಿ ಬರೆದದ್ದೂ ಖಾಲಿ ಮನೆಯೇ ಎಂದರು ಅತ್ತಿಗೆ. ಮಿಕ್ಕವರು ಅದಕ್ಕೆ ದೀಪ ಕೊಟ್ಟರು, ಜನರನ್ನು ಕೊಟ್ಟರು. ಮನೆಯಲ್ಲಿ ಕಾಯುವವರಿದ್ದಾರೆ ಎನ್ನುವವರು ದಿನವೂ ಕೊನೆಗೆ ಬೀಗ ಹಾಕುವುದೇಕೆಂದು ಅದರಿಂದಲೇ ಅತ್ತಿಗೆಗೆ ಹೊಳೆದಿತ್ತು.

ಆ ಮನುಷ್ಯ ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಒಂದು ಸುಕ್ಕೂ ಇರಲಿಲ್ಲ.

"ಅವಳು ಮಕ್ಕಳನ್ನ ಕರ್ಕೊಂಡು ಹೋಗಿ ಎರಡು ವರ್ಷ ಆಯ್ತು," ಎಂದರು. "ಬೆನ್ನಲ್ಲಿ ನಕ್ಷೆ ಇರೋದು ಮನೆಗೆ ಹೋಗೋವರೆಗೂ ಗೊತ್ತಿರ್ಲಿಲ್ಲ. ಬೆಳಗ್ಗೆ ಬಂದು ಹೇಳ್ಬೇಕು ಅಂದ್ಕೊಂಡೆ. ಯಾಕೆ ತಗೊಂಡೆ ಅಂತ ಕೇಳ್ತಿದ್ರಲ್ಲ."

ಯಜಮಾನಿ ನಕ್ಷೆಗಾರನ ಕ್ಷಮೆ ಕೇಳಿದರು. ಅವನು ತಲೆಯಾಡಿಸಿದ. ಆಮೇಲೆ ಮಾರಾಟದವರತ್ತ ತಿರುಗಿ, "ನನ್ನ ಮಗಳು ನನ್ನ ನೋಡಿದ್ದು ನೀವು ನೋಡ್ಬೇಕಿತ್ತು ಸಾರ್," ಎಂದಷ್ಟೇ ಹೇಳಿ ತನ್ನ ಮೇಜಿಗೆ ಹೋದ. ಸ್ವಲ್ಪ ಹೊತ್ತಿಗೆ ದಪ್ಪ ರಟ್ಟು, ಅಂಟು ತಂದು ಹಾಳೆಯ ಬೆನ್ನಿಗೆ ಅಂಟಿಸಿ ನಕ್ಷೆ ಮುಚ್ಚಿದ. ಮುಖ ಮೇಲೆ ಮಾಡಿ ಮಾರಾಟದವರ ಮುಂದೆ ಸರಿಸಿದ.

ನಾವು ಹೊರಡುವಾಗ ಮಾರಾಟದವರು ಬಾಗಿಲವರೆಗೂ ಬಂದರು. ಭಾನುವಾರ ಊಟಕ್ಕೆ ಬನ್ನಿ ಎಂದು ಅತ್ತಿಗೆ ಕರೆದರು. ಅವರು ರೂಢಿಯಂತೆ ನಕ್ಕರು.

"ಮನೇಲೊಂದು ಮಾತು ಕೇಳಿ ಹೇಳ್ತೀನಿ."

ಆಡಿದ ಮಾತು ಅವರಿಗೇ ಕೇಳಿಸಿರಬೇಕು. ಬಾಗಿಲ ಹಿಡಿಯ ಮೇಲಿದ್ದ ಕೈ ಹಾಗೇ ನಿಂತಿತು. ಅತ್ತಿಗೆಯೂ ಕಾದರು, ನಾನೂ ಕಾದೆ.

"ಬರ್ತೀನಿ," ಎಂದರು.