ತೆರೆಯದೆ ಬಿಟ್ಟ ಮೂರು ಮೇಲ್

ಆತ ಮೊಬೈಲಿನ ಮೇಲೆ ಒಮ್ಮೆ ಬೆರಳಾಡಿಸಿದ. ಕೋಣೆಯ ಆಚೆ ತುದಿಯಲ್ಲಿದ್ದ ಹಸುಗೂಸುಗಳಿಗೆ ಕಾವು ಕೊಡುವ ವಾರ್ಮರ್ ಮೂವತ್ತಾರು ಡಿಗ್ರಿಯಿಂದ ನಲವತ್ತಕ್ಕೆ ಏರತೊಡಗಿತು.

“ಪಾಸ್‌ವರ್ಡ್ ಕೇಳಲೇ ಇಲ್ಲ ನೋಡ್ರಿ. ಆಸ್ಪತ್ರಿ ವೈಫೈ ಸಿಕ್ಕವ್ರು ಯಾರಾದ್ರೂ ಇಷ್ಟ ಮಾಡಬಹುದು.”

ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಆ ಪುಟ್ಟ ಕಾರ್ಖಾನೆಯಲ್ಲಿ ಎಲ್ಲರ ಕಣ್ಣೂ ನೀಲಾಳತ್ತ ಹೊರಳಿದವು. ವಾರ್ಮರಿನ ಪ್ರೋಗ್ರಾಂ ಬರೆದವಳು ಅವಳೇ. ರಿಪೇರಿಯವರಿಗೆ ಸುಲಭವಾಗಲೆಂದು ವೈಫೈಯಿಂದ ಒಳಹೋಗುವ ಆ ದಾರಿಗೆ ಪಾಸ್‌ವರ್ಡಿನ ಬೀಗ ಹಾಕದೆ ಬಿಟ್ಟವಳೂ ಅವಳೇ. ಹಗಲೆಲ್ಲ ತಲೆಬಾಗಿಲು ಮುಚ್ಚದ ಅಮ್ಮಿನಬಾವಿ ಹಳ್ಳಿಯ ಮನೆಯಲ್ಲಿ ಬೆಳೆದವಳಿಗೆ ಅದು ತಪ್ಪೆಂದು ಹೊಳೆದಿರಲಿಲ್ಲ.

ಆತ ಹುಲಗೇಶ, ಧಾರವಾಡದ ಹೆರಿಗೆ ಆಸ್ಪತ್ರೆಯೊಂದರ ತಂತ್ರಜ್ಞ.

ನನಗೊಬ್ಬಳಿಗೇ ಹೇಳಬಹುದಿತ್ತಲ್ಲ... ಎಲ್ಲರೆದುರು ಮಾನ ಕಳೆಯಬೇಕಿತ್ತೆ? ನೀಲಾ ಒಳಗೊಳಗೇ ಕುದಿದಳು.

ಆಸ್ಪತ್ರೆ ಅಂದೇ ವೈಫೈ ಕಡಿಯಿತು. ಅದರೊಂದಿಗೆ ನರ್ಸುಗಳ ಮೇಜಿಗೆ ಮುಟ್ಟುತ್ತಿದ್ದ ಎಚ್ಚರಿಕೆಯ ಗಂಟೆಯೂ ನಿಂತಿತು. ನರ್ಸ್ ಅಬೀದಾ ಗಳಿಗೆಗೊಮ್ಮೆ ಹತ್ತೂ ವಾರ್ಮರುಗಳ ಕೂಸುಗಳ ಮೈ ಮುಟ್ಟಿ ನೋಡತೊಡಗಿದಳು.

ನಾಲ್ಕನೆಯ ದಿನ ಮಧ್ಯಾಹ್ನ ನೀಲಾ ಬೀಗವಿದ್ದ ಹೊಸ ಪ್ರೋಗ್ರಾಂ ಹಿಡಿದು ಆಸ್ಪತ್ರೆಗೆ ಬಂದಳು. ಹುಲಗೇಶನ ಮುಖ ನೋಡಲಿಲ್ಲ. ಒಂಬತ್ತು ಯಂತ್ರಗಳಿಗೆ ಅದನ್ನು ಹಾಕುವುದು ಸರಾಗವಾಗಿ ಮುಗಿಯಿತು.

ಹತ್ತನೆಯದರಲ್ಲಿ ಈರವ್ವನ ಎಂಟು ದಿನದ ಕೂಸು. ಒಂದೂವರೆ ಕಿಲೋ ಇಲ್ಲ. ಅಬೀದಾ ಅದನ್ನು ತಾಯಿಯ ಎದೆಗೊರಗಿಸಿ ಶಾಲು ಹೊದಿಸಿದಳು. ಹತ್ತೇ ನಿಮಿಷವೆಂದು ಧೈರ್ಯ ಹೇಳಿದಳು.

ಪ್ರೋಗ್ರಾಂ ಶೇಕಡಾ ಎಂಬತ್ತನಾಲ್ಕರಷ್ಟು ಇಳಿದಾಗ ಯಂತ್ರದ ಪರದೆ ಕಪ್ಪಾಯಿತು.

ಏಳು ನಿಮಿಷ... ಎಂಟು... ಅಜ್ಜಿ ರುಕ್ಮವ್ವ ದಿನವೂ ಹಾಡುತ್ತಿದ್ದ ಪದ ನೀಲಾಳ ತುಟಿಗೆ ಬಂತು. ಎರಡನೆಯ ಸಾಲು ನೆನಪಾಗಲಿಲ್ಲ. ಅವಳ ಕೈ ಪ್ಲಗ್ಗಿನತ್ತ ಹೋಯಿತು.

“ಕೀಳಬ್ಯಾಡ್ರಿ,” ಎಂದ ಹುಲಗೇಶ. “ನಡುವ ಕಿತ್ರ ಯಂತ್ರ ಸತ್ತಂಗ. ನೀವು ಬರದದ್ದರ ಮ್ಯಾಲೆ ನನಗ ನಂಬಿಕಿ ಐತಿ.”

“ಯಾವಾಗಿಂದ್ರೀ? ನಾಕ ಮಂದ್ಯಾಗ ನಿಲ್ಲಿಸಿ ಮಾನ ಕಳದಾಗಿಂದೇನು?”

“ಮೊದಲನೇ ಮೇಲ್ ಬರದಾಗಿಂದ. ಕರೆಂಟ್ ಹೋದ್ರೂ ಕೂಸಿಗೆ ಅರ್ಧ ತಾಸು ಕಾವು ಉಳೀಲಿ ಅಂತ ಪ್ರೋಗ್ರಾಂನ್ಯಾಗ ಎಷ್ಟ ಕಾಳಜಿಲೆ ಬರದೀರಿ... ಅದನ್ನ ಓದೇನಿ ನಾ.”

“ಯಾವ ಮೇಲ್?”

ಆತ ತಬ್ಬಿಬ್ಬಾದ. ಮೂರು ಸಲ ಬರೆದಿದ್ದನಂತೆ, ಅವಳೊಬ್ಬಳಿಗೇ. ದೋಷ ತೋರಿಸುವ ವಿಡಿಯೋ ಲಗತ್ತಿಸಿ.

ನೀಲಾಳಿಗೆ ಥಟ್ಟನೆ ನೆನಪಾಯಿತು. ಗುರುತಿಲ್ಲದವರ ಮೇಲ್‌ನಲ್ಲಿ ಲಗತ್ತಿದ್ದರೆ ತೆರೆಯದೆ ತಳ್ಳಿಬಿಡಿ... ಕಾರ್ಖಾನೆಯ ಗೋಡೆಗೆ ಆ ನಿಯಮ ಅಂಟಿಸಿದವಳು ತಾನೇ. ಫೋನಿನ ಕಸದ ಬುಟ್ಟಿ ಕೆದಕಿದಳು. ಮೂರೂ ಅಲ್ಲೇ ಇದ್ದವು. ಕೊನೆಯದರಲ್ಲಿ ಎರಡೇ ಸಾಲು: ‘ನಿಮ್ಮ ಹೆಸರು ಯಾರಿಗೂ ಹೇಳಿಲ್ಲ. ಒಮ್ಮೆ ಫೋನ್ ಮಾಡಿರಿ, ಇದರಲ್ಲಿ ಕೂಸುಗಳು ಮಲಗಿವೆ.’

ಉತ್ತರ ಬಾರದೆ ಕಂಗೆಟ್ಟೇ ಆತ ಕಾರ್ಖಾನೆಗೆ ಬಂದಿದ್ದ.

ಬೀಪ್.

ಪರದೆ ಬೆಳಗಿತು. ಹುಲಗೇಶ ವೈಫೈ ಜೋಡಿಸಿ ಮೊಬೈಲಿನಿಂದ ಒಳನುಗ್ಗಲು ನೋಡಿದ. ಒಂದು ಸಲ, ಎರಡು ಸಲ, ಮತ್ತೆ ಹಳೆಯ ದಾರಿಯಿಂದ. ಯಂತ್ರ ಒಳಬಿಡಲಿಲ್ಲ. ಕಾವು ಮೂವತ್ತಾರಕ್ಕೆ ಬಂದು ನಿಂತಿತು. ಈರವ್ವ ಮನಸ್ಸಿಲ್ಲದ ಮನಸ್ಸಿನಿಂದ ಕೂಸನ್ನು ಎದೆಯಿಂದ ಬಿಡಿಸಿ ಕೊಟ್ಟಳು.

ಅಜ್ಜಿಯ ಪದದ ಎರಡನೆಯ ಸಾಲು ಆಗ ತಾನಾಗಿ ಬಂತು.

“ತಪ್ಪಾತ್ರಿ,” ಎಂದಳು ನೀಲಾ, ಕಣ್ಣೊರೆಸಿಕೊಳ್ಳುತ್ತ.

ಆತ ಬಹಳ ಹೊತ್ತು ವೈರು ಸುತ್ತಿದ.

“ನಾಕನೇ ಮೇಲ್ ಒಂದು ಬರಿಯೋದೈತ್ರಿ...”

“ಯಂತ್ರದ ಸುದ್ದೀನ?”

“ಅಲ್ರಿ.”

ನೀಲಾ ಫೋನನ್ನು ಬ್ಯಾಗಿನೊಳಗೆ ಇಟ್ಟಳು.

“ಹಂಗಾರ ಬರದ ಕಳಸಬ್ಯಾಡ್ರಿ. ಇಲ್ಲೇ ಹೇಳ್ರಿ... ಕೇಳಾಕತ್ತೇನಿ.”