ಆರು ಸುತ್ತು

“ನಾಲ್ಕು... ಐದು... ಆರು.”

ಅಷ್ಟಕ್ಕೇ ನಿಂತಿತು. ಗೇಟಿನ ಹಿಂದೆ ಅಡಗಿ ಎಣಿಸುತ್ತಿದ್ದ ವೈಷ್ಣವಿ ತುಟಿ ಕಚ್ಚಿಕೊಂಡಳು. ವಾಟರ್‌ಮ್ಯಾನ್ ಕೆಂಪರಾಜ್ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ರಾಡನ್ನು ರಸ್ತೆಯ ಗುಂಡಿಯಿಂದ ಮೇಲೆತ್ತಿದರು.

ದೊಮ್ಮಲೂರಿನ ಆ ಬೀದಿಗೆ ದಿನ ಬಿಟ್ಟು ದಿನ ನೀರು. ಹಿಂದಿನ ಬೀದಿಗೆ ಅವರು ಹತ್ತು ಸುತ್ತು ತಿರುಗಿಸಿದ್ದನ್ನು ಅವಳು ಈಗಷ್ಟೇ ನೋಡಿ ಬಂದಿದ್ದಳು.

ಅಜ್ಜಿ ಶರಣಮ್ಮ ನಿನ್ನೆಯೇ ಹೇಳಿದ್ದರು: “ಅಂವ ನಮಗ ಮೋಸ ಮಾಡಾಕತ್ತಾನ. ನೀ ಎಣಿಸ್ಕೊಂಡು ಬಾ. ಕಂಪ್ಲೇಂಟ್ ಬರೀತೀವಿ. ಬ್ಯಾರೆ ಏರಿಯಾಕ್ಕ ಹೋಗ್ಲಿ.”

“ಬಚ್ಚಿಟ್ಕೊಂಡು ಏನ್ ಮಾಡ್ತಿದ್ದೀಯ ಪುಟ್ಟಿ?” ಕೆಂಪರಾಜ್ ಅವಳನ್ನು ನೋಡಿಬಿಟ್ಟಿದ್ದರು.

ವೈಷ್ಣವಿ ಎದ್ದು ನಿಂತಳು. “ಹಿಂದಿನ ರೋಡಿಗೆ ಹತ್ತು ಸುತ್ತು. ನಮಗೆ ಆರೇ ಯಾಕೆ ಅಂಕಲ್?”

“ಓಹೋ, ಸಿಸಿಟಿವಿ!” ಕೆಂಪರಾಜ್ ನಕ್ಕರು. ಆ ನಗುವನ್ನೂ ಅವಳು ನಂಬಲಿಲ್ಲ.

ಅವರು ಸ್ಕೂಟರಿನ ಡಿಕ್ಕಿಯಿಂದ ನೋಟ್‌ಬುಕ್ ತೆಗೆದರು. “ಓದು. ಜನವರೀಲಿ ನಿಮ್ಮ ಬೀದಿಯೋರೇ ಬರೆದಿದ್ದು.”

‘ನಮ್ಮ ಬೀದಿಯ ಪೈಪು ಹಳೆಯದು. ಹೆಚ್ಚು ತಿರುಗಿಸಿದರೆ ಒಡೆಯುತ್ತದೆ. ಹೊಸ ಪೈಪು ಬರುವವರೆಗೆ ಆರೇ ಸುತ್ತು, ಬದಲಿಗೆ ಒಂದು ಗಂಟೆ ಹೆಚ್ಚು ನೀರು. ಪ್ರತಿ ಸಲ ಬೀದಿಯವರೊಬ್ಬರು ನೋಡಿ ಸಹಿ ಹಾಕಬೇಕು.’

ಕೆಳಗೆ ಹಲವು ಸಹಿಗಳು. ಎರಡನೆಯದು ಅಜ್ಜಿಯ ದಪ್ಪ ಅಕ್ಷರ.

“ಮಾರ್ಚಲ್ಲಿ ರೋಡ್ ಅಗೆದ್ರಲ್ಲ? ಹೊಸ ಪೈಪ್ ಬಂತಲ್ಲ? ಅಜ್ಜಿ ಹಂಗೇ ಅಂದ್ಕೊಂಡಿದ್ದಾರೆ.”

“ಅದು ಕೇಬಲ್‌ಗೆ ಅಗೆದಿದ್ದು. ಬಂದು ಕೇಳಿದ್ರೆ ಹೇಳ್ತಿದ್ದೆ.”

ಅವಳು ಹಾಳೆ ತಿರುವಿದಳು. ಜನವರಿಯಲ್ಲಿ ಪ್ರತಿ ಸಾಲಿಗೂ ಒಂದು ಸಹಿ. ಫೆಬ್ರವರಿಯಲ್ಲಿ ಮೂರೋ ನಾಲ್ಕೋ. ಆಮೇಲೆ ಕೆಂಪರಾಜ್ ಬರೆದ ತಾರೀಖು, ಟೈಮು, ಆರು. ಪಕ್ಕದ ಜಾಗವೆಲ್ಲ ಖಾಲಿ.

“ಬೆಲ್ ಮಾಡಿದ್ರೆ ‘ನೀವೇ ಹಾಕ್ಕೊಳ್ಳಿ’ ಅಂತಿದ್ರು. ನಾನ್ ಹೆಂಗ್ ಹಾಕ್ಕೊಳ್ಳಲಿ?”

ಒಂದು ಬೆಳಿಗ್ಗೆ ಬೆಲ್ ಆದಾಗ, ಬಾಗಿಲನ್ನೂ ತೆಗೆಯದೆ, “ಅಜ್ಜಿ ಸ್ನಾನಕ್ಕೆ ಹೋಗಿದ್ದಾರೆ” ಎಂದು ಕೂಗಿದ್ದು ವೈಷ್ಣವಿಯೇ.

“ಅಂಕಲ್, ಇವತ್ತಿನ ಸಾಲಿಗೆ ನಾನು ಸೈನ್ ಮಾಡ್ಲಾ?”

ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು. “ಯಾಕೆ? ಬಚ್ಚಿಟ್ಕೊಂಡು ಎಣಿಸಿದ್ದು ಕಂಪ್ಲೇಂಟ್‌ಗೆ ತಾನೆ? ಅದರ ಜೊತೆ ಈ ಪುಟದ ಫೋಟೋ ಕಳ್ಸೋಕಾ?”

ಅವಳಿಗೆ ಸಿಟ್ಟು ಬರಲಿಲ್ಲ. ಗೇಟಿನ ಹಿಂದೆ ಅಡಗಿದ್ದವಳನ್ನು ಅವರಾದರೂ ಹೇಗೆ ನಂಬಿಯಾರು?

ಮಹಡಿಯಿಂದ ಅಜ್ಜಿಯ ದನಿ: “ವೈಷೂ, ಎಷ್ಟಾದ್ವು?”

ಕೆಂಪರಾಜ್ ಕೂಡ ಅವಳ ಬಾಯನ್ನೇ ನೋಡುತ್ತಿದ್ದರು.

ಆರು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದು ಸುಳ್ಳೂ ಅಲ್ಲ. ಆದರೆ ಮೇಲಕ್ಕೆ ಹೋದರೆ ಅದು ಕಂಪ್ಲೇಂಟ್ ಆಗುತ್ತದೆಂದು ಅವಳಿಗೆ ಗೊತ್ತಿತ್ತು.

“ಅಜ್ಜೀ, ನೀನ ಕೆಳಗ ಬಾ,” ಅವಳು ಕೂಗಿದಳು. “ಕೆಂಪರಾಜ್ ಅಂಕಲ್ ಸಹಿ ಪುಸ್ತಕ ಹಿಡಕೊಂಡು ಕಾಯಾಕತ್ತಾರ.”