ಯಾರಿಗೂ ತೋರಿಸಬಾರದ ಚಿತ್ರ

"ಮಗ್ಗ ಕೊಳ್ಳಾಕ ಬಂದೀರೇನ್ರಿ? ಹಂಗಿದ್ರ ಮುಂದಿನ ಮನಿಗೆ ಹೋಗ್ರಿ. ನಮ್ಮದು ಮಾರೂದಿಲ್ಲ."

ಬಾಗಿಲಿಗೆ ಅಡ್ಡ ನಿಂತವಳ ಎರಡೂ ಕೈಯಲ್ಲಿ ನೂಲಿನ ಲಡಿಯಿತ್ತು. ಮಡಿವಾಳಪ್ಪ ಹೆಗಲ ಮೇಲಿನ ಮೂರು ಕಾಲಿನ ಸ್ಟ್ಯಾಂಡ್ ಇಳಿಸಿ ಕ್ಯಾಮೆರಾದ ಪೆಟ್ಟಿಗೆ ತೋರಿಸಿದ.

"ಕೊಳ್ಳಾಕಲ್ರಿ. ಫೋಟೋ ತೆಗಿಯಾಕ ಬಂದೇನಿ."

"ಯಾರದು?"

"ಮಗ್ಗದ್ದು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿಯ ಅಂಚು ಸ್ವಲ್ಪವೇ ಅಲುಗಿತು.

"ಧಾರವಾಡದವರೇನ್ರಿ?"

"ಹೌದ್ರಿ. ಹೆಂಗ ಗೊತ್ತಾತು?"

"ಹುಬ್ಬಳ್ಳ್ಯಾಗ ಇಷ್ಟು ಪುರಸೊತ್ತು ಯಾರಿಗೈತಿ?"

ಅದು ಮೂವತ್ತೇಳನೆಯ ಇಸವಿಯ ಬೇಸಿಗೆ. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಒಂದು ಕಾಲಕ್ಕೆ ಅರವತ್ತು ಮಗ್ಗಗಳಿದ್ದವು. ಗಿರಣಿ ಸೀರೆ ಬಂದ ಮೇಲೆ ಒಂದೊಂದೇ ಕಟ್ಟಿಗೆ ಅಡ್ಡೆ ಸೇರಿ ಹತ್ತೊಂಬತ್ತು ಉಳಿದಿದ್ದವು. ಧಾರವಾಡದಲ್ಲಿ ಮದುವೆಯ ಜೋಡಿಗಳನ್ನು ಕುರ್ಚಿಯ ಮೇಲೆ ಕೂರಿಸಿ ಫೋಟೋ ತೆಗೆದು ಬದುಕುತ್ತಿದ್ದ ಮಡಿವಾಳಪ್ಪನಿಗೆ, ಆ ಹತ್ತೊಂಬತ್ತು ಮಗ್ಗಗಳನ್ನಾದರೂ ಮನೆಮಂದಿಯ ಸಮೇತ ಗಾಜಿನ ಪ್ಲೇಟಿನ ಮೇಲೆ ಉಳಿಸಬೇಕೆಂಬ ಹುಚ್ಚು ಹಿಡಿದಿತ್ತು.

ಅವಳ ಹೆಸರು ಸತ್ಯವ್ವ. ನೇಕಾರ ಶಿದ್ದಪ್ಪನ ಮಗಳು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪರಿಚಿತನಿಗೆ ಬಾಗಿಲು ತೆರೆಯದ ಮನೆಗಳು ಅವಳ ದನಿ ಕೇಳಿದರೆ ತೆರೆಯುತ್ತಿದ್ದವು. ಪ್ರತಿ ಆದಿತ್ಯವಾರ ಅವನು ಬೆಳಗಿನ ರೈಲಿಗೆ ಬರುತ್ತಿದ್ದ. ಮನೆ ತೋರಿಸುತ್ತ ಅವಳು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ತಿರುಗಿ ನೋಡಬಾರದೆಂದು ಹಟ ಹಿಡಿದವಳಂತೆ ನಡೆಯುತ್ತಿದ್ದವಳು ಓಣಿಯ ತಿರುವಿನಲ್ಲಿ ಮಾತ್ರ ತಪ್ಪದೆ ತಿರುಗುತ್ತಿದ್ದಳು.

ಒಮ್ಮೆ ಅವನ ಕರಿಬಟ್ಟೆಯೊಳಗೆ ತಲೆ ತೂರಿಸಿ ಕ್ಯಾಮೆರಾದ ಗಾಜಿನಲ್ಲಿ ನೋಡಿದಳು.

"ಎಲ್ಲಾರೂ ತಲಿಕೆಳಗ ಆಗ್ಯಾರಲ್ರಿ ಫೋಟೋದವರ."

"ಅದರಾಗ ಹಂಗ ಕಾಣತೈತ್ರಿ."

"ಬ್ಯಾರೆ ಕಡೆ ಹೆಂಗೋ. ಈ ಓಣಿದಂತೂ ಖರೇನ ಐತಿ."

ಬಟ್ಟೆಯಿಂದ ಹೊರಬಂದಾಗ ಅವಳ ಕೂದಲು ಕೆದರಿತ್ತು. ಸರಿಮಾಡುವ ಅವಸರ ಅವಳಿಗಿರಲಿಲ್ಲ. ಕಣ್ಣು ತೆಗೆಯುವ ಅವಸರ ಅವನಿಗೂ ಇರಲಿಲ್ಲ.

ಒಂಬತ್ತನೆಯ ಮನೆ ಅವಳದೇ. ಅಂದು ಅವಳು ಬಾಗಿಲಿಗೆ ಅಗುಳಿ ಹಾಕಿದಳು. ಗೋಡೆಗೆ ಒರಗಿ ಕೂತಿದ್ದ ಶಿದ್ದಪ್ಪ ಸದ್ದು ಬಂದ ಕಡೆ ಮುಖ ತಿರುಗಿಸಿದ. ಮುದುಕನ ಎರಡೂ ಕಣ್ಣಿನಲ್ಲಿ ಪೊರೆ. ಮಗಳು ಮಗ್ಗದ ಕುಣಿಗೆ ಇಳಿದು ಕೂತು ಲಾಳಿ ಎಸೆದಳು. ಎರಡು ವರ್ಷದಿಂದ ಆ ಮನೆಯ ಸೀರೆಗಳನ್ನೆಲ್ಲ ನೇಯ್ದವಳು ಅವಳೇ.

"ನೂಲು ಕೊಡೂ ಕುಬೇರಪ್ಪ ಸಾವುಕಾರ್ರು ಸೀರಿ ಅಪ್ಪ ನೇದದ್ದು ಅಂತ ತಗೋತಾರ. ಹೆಣ್ಣಮಗಳು ನೇದದ್ದು ಅಂತ ಗೊತ್ತಾದ್ರ ನೂಲು ನಿಂತಂಗ. ಇದೊಂದು ಯಾರಿಗೂ ತೋರಸಬ್ಯಾಡ್ರಿ."

"ಮತ್ಯಾಕ ತೆಗೆಸ್ಕೊಳ್ತೀರಿ?"

ಅವಳು ಲಾಳಿ ನಿಲ್ಲಿಸಿದಳು. "ನೀವು ನೋಡ್ತೀರಲ್ಲ, ಅದಕ್ಕ."

ಕೆಲಸ ಮುಗಿದ ದಿನವೇ ಶಿದ್ದಪ್ಪನ ಮುಂದೆ ಕೂತು ಮಗಳನ್ನು ಕೇಳಬೇಕೆಂದು ಮಡಿವಾಳಪ್ಪ ರೈಲಿನಲ್ಲೇ ನಿಶ್ಚಯಿಸಿದ. ಅವರಲ್ಲಿ ಉಡಿಕೆಯ ರೂಢಿಯಿತ್ತು. ವಿಧವೆಗೆ ಎರಡನೆಯ ಸಂಸಾರ ಅಲ್ಲಿ ಅಪರಾಧವಾಗಿರಲಿಲ್ಲ.

ಅಷ್ಟರಲ್ಲಿ ಧಾರವಾಡದ ಕೆಲವು ಓದಿದ ಮಂದಿ ಅವನ ಚಿತ್ರಗಳ ಪ್ರದರ್ಶನ ಏರ್ಪಡಿಸಿದರು. ಎಂಟು ಚಿತ್ರ ಗೋಡೆಗೆ ತೂಗುಹಾಕಿ ದೂರ ನಿಂತು ನೋಡಿದ. ಚೆನ್ನಾಗಿದ್ದವು. ಆದರೆ ಒಂಬತ್ತನೆಯದರ ಮುಂದೆ ಅವು ಏನೂ ಅಲ್ಲವೆಂದು ಅವನಿಗೆ ಗೊತ್ತಿತ್ತು. ಹುಬ್ಬಳ್ಳಿಯಿಂದ ಚಿತ್ರ ನೋಡಲು ಯಾರು ಬರುತ್ತಾರೆ ಎಂದುಕೊಂಡ. ಮನೆಗೆ ಹೋಗಿ ಅದನ್ನೂ ತಂದು ನಟ್ಟನಡುವೆ ಹಾಕಿದ.

ಎರಡನೆಯ ದಿನ ನೂಲಿನ ಸಾವುಕಾರ ಕುಬೇರಪ್ಪ ಬಂದ. ನಡುವಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತ.

"ಛಲೋ ತೆಗದೀರಿ," ಎಂದಷ್ಟೇ ಹೇಳಿ ಹೋದ.

ಆದಿತ್ಯವಾರ ಮಡಿವಾಳಪ್ಪ ಓಣಿಗೆ ಹೋದಾಗ ಹದಿನೆಂಟು ಮಗ್ಗಗಳಿದ್ದವು. ಶಿದ್ದಪ್ಪನ ಮನೆಯಲ್ಲಿ ಕುಣಿ ಮಾತ್ರ ಬಾಯ್ತೆರೆದುಕೊಂಡಿತ್ತು. ನೂಲು ನಿಂತು, ಬೇರೆ ಸಾವುಕಾರರೂ ಕೊಡಲೊಲ್ಲದೆ, ಮಗ್ಗ ಕಟ್ಟಿಗೆ ಅಡ್ಡೆಗೆ ಹೋಗಿತ್ತು. ಅಪ್ಪ ಮಗಳು ಸೊಲ್ಲಾಪುರದ ಗಿರಣಿಗೆ ಹೊರಟಿದ್ದಾರೆಂದು ಪಕ್ಕದ ಮನೆಯ ಹೆಂಗಸು ಅರ್ಧ ಬಾಗಿಲಿನಿಂದಲೇ ಹೇಳಿ ಕದ ಮುಚ್ಚಿಕೊಂಡಳು.

ಸ್ಟೇಷನ್ನಿನಲ್ಲಿ ಗಾಡಿ ನಿಂತಿತ್ತು. ಸತ್ಯವ್ವ ಅಪ್ಪನನ್ನು ಕಿಟಕಿಯ ಬಳಿ ಕೂರಿಸಿ ನೀರು ಹಿಡಿಯಲು ಇಳಿದಿದ್ದಳು. ಅವನನ್ನು ಕಂಡು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ತಪ್ಪಾತು," ಎಂದ ಅವನು. "ಹೋಗಬ್ಯಾಡ. ಉಡಿಕಿ ಮಾಡಿಕೊಳ್ತೇನಿ. ನಿಮ್ಮಪ್ಪನ್ನೂ ನಾ ನೋಡಿಕೊಳ್ತೇನಿ."

"ಹೋದ ಆದಿತ್ಯವಾರ ಕೇಳಿದ್ರ ಹ್ಞೂಂ ಅಂತಿದ್ದೆ." ಚೊಂಬು ತುಂಬಿ ನೀರು ಅವಳ ಕೈಮೇಲೆ ಹರಿಯುತ್ತಿತ್ತು. "ಈಗ ನಿಮ್ಮ ಮಾರಿ ನೋಡಿದ್ರ ಅಪ್ಪ ಬರೇ ಗ್ವಾಡಿ ತಡವಿ ಮಗ್ಗ ಹುಡುಕಿದ್ದು ನೆನಪಾಗತೈತಿ. ಜೀವ ನಿಮ್ಮ ಮ್ಯಾಲೇ ಐತ್ರಿ. ಸುಳ್ಳು ಯಾಕ ಹೇಳ್ಲಿ? ಆದ್ರ ಬಾಳೇವು ಮಾಡಾಕ ಆಗೂದಿಲ್ಲ."

"ಆ ಪ್ಲೇಟ್ ಒಡದು ಹಾಕ್ತೇನಿ."

ಅವಳು ಮೊದಲ ಸಲ ಅವನ ತೋಳು ಹಿಡಿದಳು. ಒದ್ದೆ ಬೆರಳು ಅಂಗಿಯ ಮೇಲೆ ಐದು ಗುರುತು ಮೂಡಿಸಿತು.

"ಒಡೀಬ್ಯಾಡ್ರಿ. ನಾ ನೇದದ್ದು ಅದರಾಗರ ಇರ್ಲಿ."

ಸೀಟಿ ಕೂಗಿತು. ಅವಳು ಗಾಡಿ ಹತ್ತಿ ಬಾಗಿಲಲ್ಲಿ ನಿಂತಳು. ಊರಿಗೆ ಹೊರಟ ಯಾವ ಹೆಣ್ಣುಮಗಳೂ ಆಡುವ ಒಂದು ಮಾತಿಗಾಗಿ ಮಡಿವಾಳಪ್ಪ ಅವಳ ತುಟಿ ನೋಡುತ್ತ ಗಾಡಿಯ ಜೊತೆ ನಡೆದ. ಬರ್ತೇನಿ ಅಂದರೆ ಸಾಕಿತ್ತು.

"ಹೋಗ್ತೇನ್ರಿ," ಎಂದಳು ಸತ್ಯವ್ವ.